ಶಿಷ್ಯನ ಬುದ್ಧಿಯೂ ಗುರುವಿನ ಹೊಣೆಯೂ

ಪಾಠ ಹೇಳುವ ಗುರುವಿಗೆ ಎಂದಾದರೊಂದು ದಿನ ಎದುರಾಗುವ ಪ್ರಶ್ನೆಯೊಂದುಂಟು. ಗುರುವು ಒಬ್ಬನೇ, ಪಾಠವೂ ಒಂದೇ. ಆದರೂ ಒಬ್ಬ ಬಾಲಕನು ಒಮ್ಮೆ ಕೇಳಿದ್ದನ್ನು ಗ್ರಹಿಸುವನು, ಇನ್ನೊಬ್ಬನು ಹತ್ತು ಸಲ ಹೇಳಿದರೂ ತಡವರಿಸುವನು. ಇದಕ್ಕೆ ಕಾರಣವೇನು? ದೋಷವು ಶಿಷ್ಯನದೋ, ಅವನ ಜನ್ಮದ್ದೋ, ಕಲಿಸುವ ಕ್ರಮದ್ದೋ? ಮನಶ್ಶಾಸ್ತ್ರವೆಂಬ ವಿದ್ಯೆಯ ಇತಿಹಾಸದಲ್ಲಿ ಬಹುಭಾಗವು ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳಿಂದಲೇ ತುಂಬಿದೆ. ದಡ್ಡನೆಂಬ ಹೆಸರು ಹೊತ್ತು ಶಾಲೆಯನ್ನು ಬಿಡುವ ಮಗುವಿನ ಬಾಳು ಈ ಉತ್ತರಗಳನ್ನೇ ಅವಲಂಬಿಸಿರುವದರಿಂದ, ಅವುಗಳನ್ನು ಭಕ್ತಮಹಾಶಯರ ಮುಂದೆ ಸಂಗ್ರಹವಾಗಿ ಇಡುವದು ಉಚಿತವೆಂದು ತೋರುತ್ತದೆ.

ನಮ್ಮ ಪೂರ್ವಿಕರು ಈ ವಿಷಯವನ್ನು ಆಲೋಚಿಸದೆ ಇರಲಿಲ್ಲ. ಅನುಭವವು ಸಂಸ್ಕಾರವನ್ನು ಉಳಿಸುವದು, ಆ ಸಂಸ್ಕಾರವು ಎಚ್ಚತ್ತಾಗ ಸ್ಮೃತಿಯುಂಟಾಗುವದು ಎಂಬ ವಿಚಾರವು ನ್ಯಾಯ, ಯೋಗ ದರ್ಶನಗಳಲ್ಲಿದೆ. ಸ್ವಭಾವಭೇದಕ್ಕೆ ಸಾಂಖ್ಯರು ಸತ್ತ್ವ, ರಜಸ್ಸು, ತಮಸ್ಸುಗಳನ್ನು ಕಾರಣವಾಗಿ ಹೇಳಿದರು. ಚರಕಸಂಹಿತೆಯು ಇದನ್ನೇ ವಿಸ್ತರಿಸಿ ಸಾತ್ತ್ವಿಕರಲ್ಲಿ 7, ರಾಜಸರಲ್ಲಿ 6, ತಾಮಸರಲ್ಲಿ 3, ಹೀಗೆ 16 ಬಗೆಯ ಮನೋಪ್ರಕೃತಿಗಳನ್ನು ಎಣಿಸಿತು. ಪಶ್ಚಿಮದಲ್ಲಿ ಕ್ರಿ. ಶ. 2ನೆಯ ಶತಮಾನದ ವೈದ್ಯನಾದ ಗೇಲೆನನು ದೇಹದ ನಾಲ್ಕು ರಸಗಳಿಂದ ಸ್ವಭಾವವನ್ನು ವಿವರಿಸಿದನು. ತ್ರಿಗುಣಗಳು ಯಾರಲ್ಲಿಯೂ ಒಂಟಿಯಾಗಿರವು, ಹೆಚ್ಚುಕಡಿಮೆಯಾಗಿ ಬೆರೆತೇ ಇರುವವು ಎಂಬದು ಶಾಸ್ತ್ರದ ಮಾತು. ಲೋಕವಾದರೋ ಅದನ್ನು ಮರೆತು, ‘ಇವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ’ ಎಂದು ತೀರ್ಪು ಕೊಡುವ ಸುಲಭದ ದಾರಿಯನ್ನು ಹಿಡಿಯಿತು.

ಕನ್ನಡನಾಡಿನ ಹಳೆಯ ಶಾಲೆಗಳು ಹೇಗೆ ನಡೆಯುತ್ತಿದ್ದವೆಂಬದಕ್ಕೆ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ ಎಂಬವನು 1823ರಲ್ಲಿ ಬರೆದ ವರದಿಯು ಒಳ್ಳೆಯ ಸಾಕ್ಷಿಯಾಗಿದೆ. ಅವನ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಅವನು ಮೆಚ್ಚಿಕೊಂಡನು. ಆದರೆ ಪದ್ಯಗಳನ್ನು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುವದನ್ನು ದೊಡ್ಡ ನ್ಯೂನತೆಯೆಂದು ಬರೆದನು. ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಹೊಗಳಿಕೆಯೂ ಇಲ್ಲದ ತೆಗಳಿಕೆಯೂ ಇಲ್ಲದ ಸೊನ್ನೆ, ಮೂರನೆಯವನಿಗೆ ಒಂದು ಹಗುರವಾದ ಪೆಟ್ಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು! ಮೆಚ್ಚಿಕೆ, ದಂಡನೆಗಳೆರಡೂ ಆ ಒಂದೇ ಬಾಗಿಲಲ್ಲಿ ನಿಂತಿದ್ದವು. ಇವೆರಡರಲ್ಲಿ ಯಾವದು ನಿಜವಾಗಿ ಕಲಿಸುವದೆಂದು ಪ್ರಯೋಗದಿಂದ ಪರೀಕ್ಷಿಸುವ ಕಾಲವು ಇನ್ನೂ ದೂರವಿತ್ತು.

ಆ ಕಾಲವು 19ನೆಯ ಶತಮಾನದ ಕೊನೆಗೆ ಬಂದಿತು. 1879ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವುಂಟನು ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. 1885ರಲ್ಲಿ ಎಬಿಂಗ್‌ಹೌಸನು ಸ್ಮರಣೆಯನ್ನು ಕುರಿತು ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದನು. ಬಾಯಿಪಾಠ ಮಾಡಿದ ಅರ್ಥಹೀನ ಶಬ್ದಗಳ ಬಹುಪಾಲು ಒಂದು ದಿನದೊಳಗೆ ಮರೆತುಹೋಗುವದು. ಅಭ್ಯಾಸವನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುವದು. ಅರ್ಥವುಳ್ಳ ಪದ್ಯವನ್ನು ಕಲಿಯಲು ಅರ್ಥಹೀನ ಶಬ್ದಗಳಿಗೆ ಬೇಕಾದ ಶ್ರಮದ ಸುಮಾರು ಹತ್ತರಲ್ಲೊಂದು ಪಾಲು ಸಾಕಾಗುವದು. ದಿನದಿನವೂ ಆವೃತ್ತಿ ಮಾಡಿಸುವ ನಮ್ಮ ಪಾಠಶಾಲೆಗಳ ಸಂಪ್ರದಾಯವು ಸರಿಯೆಂಬದಕ್ಕೆ ಇದು ಸಮರ್ಥನೆಯಾಗಿದೆ. ಗಿಳಿಪಾಠವು ತಪ್ಪೆಂಬದಕ್ಕೂ ಇದೇ ಸಮರ್ಥನೆಯಾಗಿದೆ.

ಅಮೇರಿಕೆಯ ಥಾರ್ನ್‌ಡೈಕನು 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಹೊರಬೀಳುವ ಉಪಾಯವನ್ನು ತಪ್ಪುತ್ತ ತಿದ್ದಿಕೊಳ್ಳುತ್ತ ಕಲಿಯುವದನ್ನು ತೋರಿಸಿದನು. ಸುಖಫಲವನ್ನು ಕೊಟ್ಟ ಕ್ರಿಯೆಯು ನೆಲೆಗೊಳ್ಳುವದು, ದುಃಖಫಲವನ್ನು ಕೊಟ್ಟದ್ದು ಅಳಿಯುವದು ಎಂಬದು ಅವನ ಮೊದಲಿನ ನಿಯಮವಾಗಿತ್ತು. ಮುಂದೆ 1932ರ ಹೊತ್ತಿಗೆ, ಮನುಷ್ಯರ ಮೇಲಿನ ಪ್ರಯೋಗಗಳನ್ನು ನೋಡಿ, ಮೆಚ್ಚಿಕೆಯು ಸರಿಯಾದದ್ದನ್ನು ಬಲಪಡಿಸುವಷ್ಟು ದಂಡನೆಯು ತಪ್ಪನ್ನು ಅಳಿಸುವದಿಲ್ಲವೆಂದು ಅವನೇ ಆ ನಿಯಮವನ್ನು ತಿದ್ದಿದನು. ರಷ್ಯದ ಪಾವ್‌ಲೋವನ ನಾಯಿಗಳು ಆಹಾರಕ್ಕೆ ಮುಂಚೆ ಬರುವ ಸಂಕೇತಕ್ಕೇ ಜೊಲ್ಲು ಸುರಿಸಲು ಕಲಿತವು. ಭಯವೂ ಹೀಗೆಯೇ ಅಂಟಿಕೊಳ್ಳುವದೆಂದು ತೋರಿಸಲು ವಾಟ್ಸನನು 1920ರಲ್ಲಿ ಒಂದು ಕೂಸನ್ನು ಹೆದರಿಸಿದನು. ಆ ಪ್ರಯೋಗವನ್ನು ಇಂದು ಧರ್ಮವಿರುದ್ಧವೆಂದು ಖಂಡಿಸುತ್ತಾರೆ. ಆದರೂ ಅಂಗೈಯ ಪೆಟ್ಟಿನ ನೋವು ಪುಸ್ತಕಕ್ಕೂ ಅಂಟಬಲ್ಲದೆಂಬ ಎಚ್ಚರವು ಗುರುವಿಗೆ ಇರಬೇಕು.

ಬುದ್ಧಿಯನ್ನು ಅಳೆಯುವ ಕಾರ್ಯವು ಇದರ ಜೊತೆಯಲ್ಲಿಯೇ ಹುಟ್ಟಿತು. ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ, ಸಿಮೋನ್ ಎಂಬವರು 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆಯೊಂದನ್ನು ರಚಿಸಿದರು. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಶಿಕ್ಷಣವನ್ನು ಕೊಡುವದೇ ಅದರ ಉದ್ದೇಶವಾಗಿತ್ತು. ಬುದ್ಧಿಯು ಹೆಚ್ಚಿಸಲು ಬಾರದ ಸ್ಥಿರವಸ್ತುವೆಂಬ ಮತವನ್ನು ಬಿನೆಯು 1909ರಲ್ಲಿ ಬಲವಾಗಿ ವಿರೋಧಿಸಿದನು. ಆದರೂ ಈ ಪರೀಕ್ಷೆಯು ಅಮೇರಿಕೆಗೆ ಹೋದ ಮೇಲೆ ಜನ್ಮವನ್ನೂ ಕುಲವನ್ನೂ ಅಳೆಯುವ ಕೋಲಾಯಿತು. ಹಣೆಬರಹದ ಹಳೆಯ ತೀರ್ಪೇ ಅಂಕಿಗಳ ಉಡುಪು ಧರಿಸಿ ಮರಳಿ ಬಂದಿತೆನ್ನಬಹುದು. ಆ ತೀರ್ಪು ನಿಲ್ಲಲಿಲ್ಲ. ಹಲವು ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಈ ಅಂಕಗಳು ಏರುತ್ತ ಬಂದಿರುವದನ್ನು 1980ರ ದಶಕದಲ್ಲಿ ಜೇಮ್ಸ್ ಫ್ಲಿನ್ ತೋರಿಸಿಕೊಟ್ಟರು.

ಈ ವಿದ್ಯೆಯು ಭಾರತದಲ್ಲಿ ಕಲಕತ್ತೆಯ ವಿಶ್ವವಿದ್ಯಾನಿಲಯದೊಳಗೆ 1916ರಲ್ಲಿ ಸ್ವತಂತ್ರ ವಿಭಾಗವಾಯಿತು. ಕನ್ನಡನಾಡಿಗೆ ಅದು 1924ರಲ್ಲಿ ಬಂದಿತು. ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಆ ಕಾಲದಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರವಿಭಾಗವನ್ನು ಆರಂಭಿಸಿದರು. ಇವರೇ 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಸ್ಥಾಪಿಸಿದವರು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಕೆಲಸವನ್ನು ಮಾಡಿದವರು ವಿ. ವಿ. ಕಾಮತರು. ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿಗಳಿಗೆ ಹೊಂದಿಸಿ, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ಅವರು ಸಿದ್ಧಪಡಿಸಿದ ಮುಂಬಯಿ-ಕರ್ನಾಟಕ ಪರಿಷ್ಕರಣದ ಗ್ರಂಥವು 1940ರಲ್ಲಿ ಪ್ರಕಟವಾಯಿತು. 1862ರಿಂದ 1956ರ ವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆದಕಾರಣ ಭಟ್ಕಳ, ಹೆಬಳೆಗಳೂ ಮುಂಬಯಿ-ಕರ್ನಾಟಕವೇ ಆಗಿದ್ದವು. ಪ್ಯಾರಿಸ್ಸಿನ ಮಗುವಿಗೆ ಪರಿಚಿತವಾದ ಮಾತೂ ವಸ್ತುವೂ ನಮ್ಮ ಮಗುವಿಗೆ ಅಪರಿಚಿತವಾಗಿರುವಾಗ, ಅದರ ಮೌನವನ್ನು ಬುದ್ಧಿಹೀನತೆಯೆಂದು ಎಣಿಸುವದು ಅನ್ಯಾಯವಲ್ಲವೇ? ಕಾಮತರ ಕಾರ್ಯದ ಮಹತ್ವವು ಇಲ್ಲಿಯೇ ಇದೆ.

ಈ ನ್ಯಾಯವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗಿದೆ. ಭಟ್ಕಳದ ಸೀಮೆಯಲ್ಲಿ ಮನೆಯೊಳಗೆ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ಮಕ್ಕಳು ಅನೇಕರಿರುವರು. ಅಂಥ ಮಗುವಿಗೆ ಕನ್ನಡದ ಪ್ರಶ್ನೆಯೂ ಎರಡನೆಯ ನುಡಿಯ ಪ್ರಶ್ನೆಯೇ. ಅದು ಉತ್ತರಿಸಲು ತಡೆದರೆ ತಡೆದದ್ದು ಬುದ್ಧಿಯೋ ನುಡಿಯೋ ಎಂದು ನೋಡದೆ ಹೆಸರಿಡಬಾರದು.

2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೆ ನಿಷೇಧಿಸಿದೆ. ಬೆತ್ತವನ್ನು ಕಣ್ಣಿನಿಂದ ಕಾಣಬಹುದು. ‘ದಡ್ಡ’ ಎಂಬ ಮಾತಿನ ಪೆಟ್ಟು ಕಾಣದು. ಮಠದ ಆಶ್ರಯದಲ್ಲಿ ಓದುವ ಮಕ್ಕಳಿಗೆ ಪಾಠ ಹೇಳುವವರೂ, ಮನೆಯಲ್ಲಿ ಮಕ್ಕಳನ್ನು ಓದಿಗೆ ಕೂರಿಸುವ ತಾಯಿತಂದೆಗಳೂ ಕಲಿಯಲಾರದ ಮಗುವನ್ನು ಕಂಡಾಗ ಮೂರು ಪ್ರಶ್ನೆಗಳನ್ನು ತಮಗೇ ಹಾಕಿಕೊಳ್ಳಲಿ: ಇದಕ್ಕೆ ಅರ್ಥವಾಗುವ ನುಡಿಯಲ್ಲಿ ಹೇಳಿದೆವೇ? ದಿನಗಳನ್ನು ಹಂಚಿ ಆವೃತ್ತಿ ಮಾಡಿಸಿದೆವೇ? ಸರಿಯಾಗಿ ಹೇಳಿದ ಒಂದು ಮಾತನ್ನಾದರೂ ಮೆಚ್ಚಿದೆವೇ? ಮೂರಕ್ಕೂ ಹೌದೆಂದು ಹೇಳಲಾಗದವರಿಗೆ ಆ ಮಗುವಿನ ಬುದ್ಧಿಯನ್ನು ಕುರಿತು ತೀರ್ಪು ಕೊಡುವ ಅಧಿಕಾರವಿಲ್ಲ.