ಹಫ್ಸಾ(ರ)ರ ಬಳಿಯಿದ್ದ ಹಾಳೆಗಳು ಮತ್ತು ನಮ್ಮ ಮನೆಯ ಪ್ರತಿ

ಕ್ರಿ.ಶ. 633ರ ಸುಮಾರಿಗೆ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಹುತಾತ್ಮರಾದರು. ಹೀಗೆಯೇ ಹಾಫಿಝ್‌ಗಳು ಅಗಲುತ್ತ ಹೋದರೆ ಗತಿಯೇನೆಂದು ಚಿಂತಿಸಿದ ಹಝ್ರತ್ ಉಮರ್(ರ), ಕುರ್‌ಆನನ್ನು ಒಂದೆಡೆ ಸಂಗ್ರಹಿಸುವಂತೆ ಖಲೀಫಾ ಅಬೂಬಕ್ಕರ್(ರ)ರನ್ನು ಒತ್ತಾಯಿಸಿದರು. ಆ ಹೊಣೆ ಝೈದ್ ಬಿನ್ ಸಾಬಿತ್(ರ)ರದ್ದಾಯಿತು. ಖರ್ಜೂರದ ಗರಿ, ತೆಳುಗಲ್ಲು ಮೊದಲಾದವುಗಳ ಮೇಲಿದ್ದ ಬರಹವನ್ನೂ ಜನರ ಕಂಠದಲ್ಲಿದ್ದುದನ್ನೂ ಅವರು ಕಲೆಹಾಕಿದರು. ಆ ಹಾಳೆಗಳು ಅಬೂಬಕ್ಕರ್(ರ)ರ ಬಳಿ, ಅನಂತರ ಉಮರ್(ರ)ರ ಬಳಿ, ಕೊನೆಗೆ ಅವರ ಪುತ್ರಿ ಉಮ್ಮುಲ್ ಮೂಮಿನೀನ್ ಹಫ್ಸಾ(ರ)ರ ಬಳಿ ಉಳಿದವು. ಮುಂದೆ ಹಝ್ರತ್ ಉಸ್ಮಾನ್(ರ) ಅವನ್ನು ತರಿಸಿಕೊಂಡು, ಪ್ರತಿಗಳನ್ನು ಬರೆಸಿ, ವಿವಿಧ ಪ್ರದೇಶಗಳಿಗೆ ಕಳುಹಿಸಿದರು; ಮೂಲ ಹಾಳೆಗಳನ್ನು ಹಫ್ಸಾ(ರ)ರಿಗೆ ಹಿಂದಿರುಗಿಸಿದರು.

ಕುರ್‌ಆನಿನ ಸಂರಕ್ಷಣೆ ಅಲ್ಲಾಹನ ವಾಗ್ದಾನ; ನಮ್ಮ ಯಾವ ಬರಹವನ್ನೂ ಅದಕ್ಕೆ ಹೋಲಿಸಲಾಗದು. ಆದರೆ ಆ ವಾಗ್ದಾನದಲ್ಲಿ ದೃಢವಾದ ನಂಬಿಕೆಯಿದ್ದವರೂ ಪ್ರಯತ್ನವನ್ನು ಕೈಬಿಡಲಿಲ್ಲ. ಇಡೀ ಸಮುದಾಯದ ಸೊತ್ತನ್ನು ಒಬ್ಬರು ಜೋಪಾನ ಮಾಡಿದರು, ಕೇಳಿದಾಗ ಕೊಟ್ಟರು, ಮರಳಿ ಪಡೆದು ಮತ್ತೆ ಕಾಪಾಡಿದರು. ನಾವು ಕಲಿಯಬೇಕಾದುದು ಇದನ್ನು.

ಎಲ್ಲವೂ ಒಂದೇ ಕಡೆ ಇದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನರ ಗ್ರಂಥಭಂಡಾರ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಸುಮಾರು 2,000 ಗ್ರಂಥಗಳಿದ್ದ ಆ ಭಂಡಾರದ ಬಹುಭಾಗ ಕಲ್ಕತ್ತೆಗೂ ಲಂಡನ್ನಿಗೂ ಸಾಗಿತು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ವಿವರಪಟ್ಟಿಯನ್ನು ಪ್ರಕಟಿಸಿದಾಗ ಅಚ್ಚಾದದ್ದು ಇಂಗ್ಲೆಂಡಿನಲ್ಲಿ. ಗ್ರಂಥಗಳು ಅಳಿಯಲಿಲ್ಲ, ನಮ್ಮ ಕೈತಪ್ಪಿದವು.

ಇಂದು ನಮ್ಮ ಮಾತುಕತೆಯ ಭಂಡಾರ ಅಂತರ್ಜಾಲದಲ್ಲಿದೆ. ಅದರ ಬೀಗದ ಕೈ ಪರರ ಬಳಿಯಿದೆ. ಭಾರತದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಮುಚ್ಚಿತು. ವಾಟ್ಸಾಪ್‌ನ ಸಂದೇಶಗಳಂತೂ ತಲುಪಿದ ಬಳಿಕ ಸಂಸ್ಥೆಯ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಬ್ಯಾಕಪ್ ಇಲ್ಲದಿದ್ದರೆ ಅವು ಇರುವುದು ನಮ್ಮ ಫೋನುಗಳಲ್ಲಿ ಮಾತ್ರ.

ಭದ್ರಾವತಿಯವರಿಗೆ ಇದು ದೂರದ ಸಂಗತಿಯಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವೆರಡರ ಸುತ್ತ ಬೆಳೆದ ಊರದು. ನಾಡಿಗೆ ಕಾಗದ ಕೊಟ್ಟ ಆ ಕಾರ್ಖಾನೆಯ ಯಂತ್ರಗಳು ಇಂದು ನಿಂತಿವೆ. ದುಡಿಮೆ ಅರಸಿ ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋದ ಮಕ್ಕಳಿಗೆ ಊರೆಂದರೆ ಈಗ ಫೋನಿನೊಳಗಿನ ಗುಂಪು. ಯಾರ ಜನಾಝಾ, ಯಾರ ಮನೆಯ ನಿಕಾಹ್, ಮೊಹಲ್ಲಾದ ಹಳೆಯ ಚಿತ್ರ, ಹಿರಿಯರು ಹೇಳಿದ ಕಥೆ ಎಲ್ಲವೂ ಅಲ್ಲಿವೆ. ಮುಂದೆ ಈ ಊರಿನ ಮುಸ್ಲಿಮರ ಚರಿತ್ರೆ ಬರೆಯುವವರಿಗೆ ಬೇಕಾಗುವುದು ಇದೇ.

ಉಪಾಯ ಕಠಿಣವಲ್ಲ. ಗುಂಪಿನ ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್’ ಮಾಡಿ ಹಾರ್ಡ್ ಡಿಸ್ಕ್‌ನಲ್ಲಿ ಇರಿಸಬಹುದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿಗೆ ಅದನ್ನು ಜೋಡಿಸಿದರೆ ಮನೆಯ ವೈಫೈಯಲ್ಲೇ ಎಲ್ಲರೂ ಓದಬಹುದು. 2003ರಲ್ಲಿ ಆರಂಭವಾದ, ಸ್ವಯಂಸೇವಕರೇ ಬೆಳೆಸಿದ ಕನ್ನಡ ವಿಕಿಪೀಡಿಯದ ಪ್ರತಿಯನ್ನೂ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಹೀಗೆ ಮನೆಯಲ್ಲಿಟ್ಟು, ಅಂತರ್ಜಾಲವಿಲ್ಲದೆಯೇ ಓದಲು ಸಾಧ್ಯ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಬಲ್ಲವರ ನಿಯಮ. 2019ರ ಆಗಸ್ಟ್‌ನಲ್ಲಿ ತುಂಗೆಯ ನೆರೆ ಶಿವಮೊಗ್ಗದ ತಗ್ಗು ಪ್ರದೇಶದ ಮನೆಗಳಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಆದ್ದರಿಂದ ಒಂದು ಪ್ರತಿ ಶಿವಮೊಗ್ಗದ ಮನೆಯಲ್ಲಿದ್ದರೆ ಇನ್ನೊಂದು ಭದ್ರಾವತಿಯ ಬಂಧುಗಳ ಮನೆಯಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ತೆರೆದು ಪರೀಕ್ಷಿಸಬೇಕು. ಓದಲಾಗದ ಪ್ರತಿ ಇದ್ದೂ ಇಲ್ಲದಂತೆ.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ಗುಂಪಿನಲ್ಲಿ ಹೆಣ್ಣುಮಕ್ಕಳ ಚಿತ್ರಗಳಿರುತ್ತವೆ, ಸಂಬಂಧದ ಮಾತುಕತೆ, ರೋಗಿಗಳ ವಿವರ, ಸಾಲದ ಸಂಕಟಗಳಿರುತ್ತವೆ. ಪ್ರತಿ ಇಟ್ಟುಕೊಂಡವನು ಅದರ ಮಾಲೀಕನಲ್ಲ, ಅಮಾನತ್ತಿನ ಕಾವಲುಗಾರ. ಸದಸ್ಯರ ಒಪ್ಪಿಗೆ ಪಡೆಯಬೇಕು. ಅಳಿಸಿರೆಂದು ಕೇಳಿದವರ ಮಾತನ್ನು ಅಳಿಸಬೇಕು. ಹೊರಗಿನ ಯಾರಿಗೂ ತೆರೆದಿಡಬಾರದು. ಆದರೆ ತಂದೆಯ ಕೊನೆಯ ಧ್ವನಿಸಂದೇಶವನ್ನು ಕಳೆದುಕೊಂಡ ಮಗನೊಬ್ಬ ಬಂದು ಕೇಳಿದರೆ ಹುಡುಕಿ ಕೊಡಲೇಬೇಕು.

ಈ ರಜೆಯಲ್ಲಿ ನಮ್ಮ ಮನೆಗಳ ಕಂಪ್ಯೂಟರ್ ಬಲ್ಲ ಮಕ್ಕಳಿಗೆ ಈ ಕೆಲಸವನ್ನು ವಹಿಸೋಣ. ಹಿರಿಯರು ಜೊತೆಗೆ ಕುಳಿತು, ಯಾವ ಚಿತ್ರದಲ್ಲಿ ಯಾರಿದ್ದಾರೆಂದು ಹೆಸರು ಬರೆಸಲಿ. ಅದನ್ನು ಹೇಳಬಲ್ಲವರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಮುಗಿಯಬೇಕು.