ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದವರು

2004ರ ಡಿಸೆಂಬರ್ 28ರಂದು ಥಿಂಕ್ ಸೀಕ್ರೆಟ್ ಎಂಬ ಪುಟ್ಟ ಜಾಲತಾಣದಲ್ಲಿ ಒಂದು ಸುದ್ದಿ ಬಂತು. ಆಪಲ್ ಕಂಪನಿ ಇನ್ನೆರಡು ವಾರದಲ್ಲಿ, ಅಂದರೆ ಜನವರಿ 11ರಂದು, ಮಾನಿಟರ್ ಇಲ್ಲದ ಮ್ಯಾಕ್ ಕಂಪ್ಯೂಟರೊಂದನ್ನು ಹೊರತರಲಿದೆ. ಒಳಗೆ ಜಿ4 ಪ್ರೊಸೆಸರ್ ಇರುತ್ತದೆ. ಬೆಲೆ 499 ಡಾಲರ್. ದುಬಾರಿ ಯಂತ್ರಗಳಿಗೆ ಹೆಸರಾದ ಕಂಪನಿ ಇಷ್ಟು ಅಗ್ಗದ ಡೆಸ್ಕ್‌ಟಾಪ್ ಮಾಡುವುದುಂಟೆ ಎಂದು ಅನುಮಾನಪಡಲು ಕಾರಣವಿತ್ತು. ಆ ಅನುಮಾನವನ್ನು ಆಪಲ್‌ನ ವಕೀಲರೇ ನಿವಾರಿಸಿದರು. ಜನವರಿ 4ರಂದು ಅವರು ಆ ಜಾಲತಾಣದ ಮೇಲೆ ವ್ಯಾಪಾರ ರಹಸ್ಯ ಬಯಲು ಮಾಡಿದ ಮೊಕದ್ದಮೆ ಹೂಡಿದರು. ಸುಳ್ಳು ಸುದ್ದಿಗಾಗಿ ಯಾರೂ ರಹಸ್ಯ ಕದ್ದರೆಂದು ಕೋರ್ಟಿಗೆ ಹೋಗುವುದಿಲ್ಲವಲ್ಲ. ಮತ್ತೊಂದು ವಾರಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಮಿನಿಯನ್ನು ತೋರಿಸಿದರು. ಆರೂವರೆ ಇಂಚು ಉದ್ದಗಲ, ಎರಡು ಇಂಚು ಎತ್ತರ, ಮಾನಿಟರ್ ಇಲ್ಲ, ಜಿ4 ಪ್ರೊಸೆಸರ್, 499 ಡಾಲರ್.

ಸುದ್ದಿ ಬರೆದವನ ಹೆಸರು ನಿಕ್ ಡಿಪ್ಲೂಮ್ ಎಂದಿತ್ತು. ಫ್ರೆಂಚ್ ಮೂಲದ 'ನಾಮ್ ದ ಪ್ಲೂಮ್', ಅಂದರೆ ಕಾವ್ಯನಾಮ ಎಂಬ ಮಾತನ್ನೇ ತಿರುಚಿ ಇಟ್ಟುಕೊಂಡ ತುಂಟ ಹೆಸರು ಅದು. ಮೊಕದ್ದಮೆಯ ಗಲಾಟೆಯಲ್ಲಿ ನಿಜ ಹೆಸರು ಹೊರಬಿತ್ತು: ನಿಕೋಲಸ್ ಚಾರೆಲ್ಲಿ, ವಯಸ್ಸು 19, ಹಾರ್ವರ್ಡ್ ವಿದ್ಯಾರ್ಥಿ. ಆ ತಾಣ ಶುರುಮಾಡಿದಾಗ ಅವನಿಗೆ 13 ವರ್ಷ. ಜಗತ್ತಿನ ಅತ್ಯಂತ ಬಿಗಿಬಾಯಿಯ ಕಂಪನಿಯೊಂದರ ಒಳಮಾತನ್ನು ಆರು ವರ್ಷಗಳಿಂದ ಹೊರಗೆಳೆಯುತ್ತಿದ್ದವನು ಒಬ್ಬ ಶಾಲಾ ಹುಡುಗನಾಗಿದ್ದ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ಎಂದು ಇಂಥ ಕೆಲಸವನ್ನು ತಳ್ಳಿಹಾಕುವುದು ಸುಲಭ. ಮುಂದಿನ ಕಂಪ್ಯೂಟರಿನಲ್ಲಿ ಎಷ್ಟು ಗಿಗಾಹರ್ಟ್ಸ್ ಇರುತ್ತದೆ, ಯಾವ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ ಎಂದು ತಿಂಗಳುಗಟ್ಟಲೆ ಊಹಿಸುತ್ತ ಕೂರುವವರು ಹೊರಗಿನವರ ಕಣ್ಣಿಗೆ ಕೆಲಸವಿಲ್ಲದವರಂತೆಯೇ ಕಾಣುತ್ತಾರೆ. ಆದರೆ ಆ ಊಹೆಗಳ ಹಿಂದೆ ಹಣದ ಲೆಕ್ಕವಿತ್ತು. ಅಸೆಂಬಲ್ಡ್ ಕಂಪ್ಯೂಟರ್ ಕೊಂಡ ಯಾರಿಗೂ ಆ ಲೆಕ್ಕ ಹೊಸದಲ್ಲ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿರಲಿ, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಅಂಗಡಿಯ ಮುಂದೆ ನಿಂತವನ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ: ಈಗಲೇ ತಗೊಳ್ಳುವುದೋ, ಇನ್ನೊಂದು ತಿಂಗಳು ತಡೆಯುವುದೋ? ಕೊಳ್ಳುವವನಿಗೆ ಈ ಪ್ರಶ್ನೆಗೆ ಉತ್ತರ ಬೇಕು. ಮಾರುವವನಿಗೆ ಈ ಪ್ರಶ್ನೆಯೇ ಹುಟ್ಟಬಾರದು.

ಮಾರುವವನ ಭಯಕ್ಕೆ ಒಂದು ಹೆಸರೂ ಇದೆ. ಆ ಹೆಸರಿನ ಮನುಷ್ಯನ ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ. ಆಡಮ್ ಆಸ್ಬೋರ್ನ್ 1939ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದವರು. ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಶಿಷ್ಯರು. ಮಹರ್ಷಿಗಳ ಬಗ್ಗೆ ಅವರು ಬರೆದ ಪುಸ್ತಕಗಳು ಈಗಲೂ ತಿರುವಣ್ಣಾಮಲೈ ಆಶ್ರಮದ ಅಂಗಡಿಯಲ್ಲಿ ಸಿಗುತ್ತವೆ. ಮಗ ಮುಂದೆ ಅಮೆರಿಕಕ್ಕೆ ಹೋಗಿ 1981ರಲ್ಲಿ ಆಸ್ಬೋರ್ನ್ 1 ಎಂಬ ಕಂಪ್ಯೂಟರ್ ತಂದರು. ಹೊತ್ತೊಯ್ಯಬಹುದು ಎಂಬುದು ಅದರ ಹೆಗ್ಗಳಿಕೆ. ತೂಕ ಸುಮಾರು 11 ಕಿಲೋ, ಪರದೆ ಐದೇ ಇಂಚು, ಬೆಲೆ 1795 ಡಾಲರ್. ಚೆನ್ನಾಗಿಯೇ ಮಾರಾಟವಾಯಿತು. 1983ರ ಆರಂಭದಲ್ಲಿ ಇದಕ್ಕಿಂತ ಉತ್ತಮವಾದ ಮುಂದಿನ ಯಂತ್ರ ಬರುತ್ತಿದೆ ಎಂಬ ಸುದ್ದಿ ಕಂಪನಿಯಿಂದಲೇ ಹೊರಬಿತ್ತು. ಅಂಗಡಿಯವರು ಹಳೆಯದರ ಆರ್ಡರ್ ನಿಲ್ಲಿಸಿದರು, ಹೊಸದು ಕೈಗೆ ಬರುವಷ್ಟರಲ್ಲಿ ಹಣ ಬತ್ತಿತು, ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ಕಥೆ ಹೀಗೇ ಹೇಳಲ್ಪಡುತ್ತದೆ. ಕೇಪ್ರೋ ಎಂಬ ಪ್ರತಿಸ್ಪರ್ಧಿ ಒಂಬತ್ತು ಇಂಚಿನ ಪರದೆ ಕೊಟ್ಟದ್ದು, ಕಂಪನಿಯ ಲೆಕ್ಕಪತ್ರ ಅಧ್ವಾನವಾಗಿದ್ದದ್ದು ಇವೂ ಅಷ್ಟೇ ದೊಡ್ಡ ಕಾರಣಗಳು ಎಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳೂ ಇದೆ. ಆದರೂ 'ಆಸ್ಬೋರ್ನ್ ಪರಿಣಾಮ' ಎಂಬ ಮಾತು ಉಳಿಯಿತು. ಕಂಪ್ಯೂಟರ್ ಉದ್ಯಮದವರಿಗೆ ಅದು ಮಕ್ಕಳನ್ನು ಹೆದರಿಸುವ ಗುಮ್ಮನಾಯಿತು. ಆಸ್ಬೋರ್ನ್ ಕೊನೆಗಾಲಕ್ಕೆ ಮತ್ತೆ ಭಾರತಕ್ಕೆ ಬಂದರು; 2003ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು.

1997ರಲ್ಲಿ ಆಪಲ್‌ಗೆ ಮರಳಿದ ಜಾಬ್ಸ್ ಈ ಗುಮ್ಮನನ್ನು ಯಾರಿಗಿಂತ ಹೆಚ್ಚು ನಂಬಿದ್ದರು. ಅವರಿಗೆ ಇನ್ನೊಂದು ಕಾರಣವೂ ಇತ್ತು. ವೇದಿಕೆಯ ಮೇಲೆ ಬಟ್ಟೆ ಸರಿಸಿ ಹೊಸ ಯಂತ್ರ ತೋರಿಸುವ ಆ ಒಂದು ಗಳಿಗೆಯೇ ಕಂಪನಿಯ ದೊಡ್ಡ ಜಾಹೀರಾತು. ಗುಟ್ಟು ಮೊದಲೇ ಒಡೆದರೆ ಅದು ಠುಸ್ಸೆನ್ನುತ್ತದೆ. 2000ದ ಜುಲೈನಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎಟಿಐ ಕಂಪನಿ, ಹೊಸ ಮ್ಯಾಕ್‌ಗಳಲ್ಲಿ ತನ್ನ ಕಾರ್ಡ್ ಇರುತ್ತದೆ ಎಂದು ಜಾಬ್ಸ್ ಭಾಷಣಕ್ಕೆ ಮುನ್ನವೇ ಪತ್ರಿಕಾ ಪ್ರಕಟಣೆ ಹೊರಡಿಸಿತು. ಭಾಷಣದಲ್ಲಿ ಆ ಕಾರ್ಡಿನ ಮಾತೇ ಬರಲಿಲ್ಲ. ಅದೇ ವರ್ಷ ಎರಡು ಪ್ರೊಸೆಸರ್‌ಗಳ ಪವರ್ ಮ್ಯಾಕ್ ಜಿ4 ಬಗ್ಗೆ ಮುಂಚಿತವಾಗಿ ಮಾಹಿತಿ ಹಾಕಿದ ಅನಾಮಧೇಯನೊಬ್ಬನ ಮೇಲೆ ಆಪಲ್ ದಾವೆ ಹೂಡಿತು.

ಗುಟ್ಟಿನ ಕಾವಲಿಗೆ ಇಷ್ಟು ಕಷ್ಟಪಟ್ಟ ಕಂಪನಿಯೇ ಊಹೆಯ ಬೆಂಕಿಗೆ ಆಗಾಗ ತುಪ್ಪ ಸುರಿಯುತ್ತಿತ್ತು. 2002ರ ಜನವರಿಯಲ್ಲಿ, ಗಾಳಿಸುದ್ದಿಯ ತಾಣಗಳು ಊಹಿಸಿದ್ದನ್ನೂ ಎಷ್ಟೋ ಮೀರಿದ್ದು ಬರಲಿದೆ ಎಂದು ತನ್ನ ಮುಖಪುಟದಲ್ಲೇ ಹಾಕಿಕೊಂಡಿತು. ಜನ ಜಿ5 ಪ್ರೊಸೆಸರಿನ ಕನಸು ಕಂಡರು. ಬಂದದ್ದು ಮೇಜುದೀಪದಂತೆ ಕತ್ತು ಬಾಗಿಸುವ ಐಮ್ಯಾಕ್. ಅದನ್ನೂ ಜಾಬ್ಸ್‌ಗಿಂತ ಮೊದಲು ಟೈಮ್ ಪತ್ರಿಕೆಯ ಕೆನಡಾ ಜಾಲತಾಣ ಹಿಂದಿನ ರಾತ್ರಿಯೇ ತಪ್ಪಿ ಪ್ರಕಟಿಸಿಬಿಟ್ಟಿತ್ತು. ಮುಂದಿನ ವರ್ಷ ಜೂನ್‌ನಲ್ಲಿ ಜಿ5 ನಿಜವಾಗಿಯೂ ಬಂದಾಗ ಅದರ ಪೂರ್ತಿ ವಿವರ ನಾಲ್ಕು ದಿನ ಮೊದಲು ಸೋರಿದ್ದು ಆಪಲ್‌ನ ಸ್ವಂತ ಆನ್‌ಲೈನ್ ಅಂಗಡಿಯಿಂದ. ಇದಕ್ಕೆ ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ.

ಊಹೆಗಾರರ ನಿಜವಾದ ಪರೀಕ್ಷೆ ಶುರುವಾದದ್ದು ಈ ಜಿ5ನಿಂದ. 2003ರ ಜೂನ್ 23ರಂದು ಎರಡು ಗಿಗಾಹರ್ಟ್ಸ್‌ನ ಪವರ್ ಮ್ಯಾಕ್ ಜಿ5 ತೋರಿಸಿದ ಜಾಬ್ಸ್, ಹನ್ನೆರಡು ತಿಂಗಳೊಳಗೆ ಮೂರು ಗಿಗಾಹರ್ಟ್ಸ್ ಕೊಡುತ್ತೇವೆ ಎಂದು ಸಾವಿರಾರು ಜನರ ಮುಂದೆ ಮಾತು ಕೊಟ್ಟರು. ಮುಂದಿನದನ್ನು ಎಂದೂ ಹೇಳದ ಮನುಷ್ಯ ಮುಂದಿನದನ್ನು ಹೇಳಿದ ಅಪರೂಪದ ಸಂದರ್ಭ ಅದು, ಮತ್ತು ಆ ಮಾತು ಉಳಿಯಲಿಲ್ಲ. ಒಂದು ವರ್ಷದ ನಂತರ ಬಂದದ್ದು 2.5. ಅದನ್ನು ತಣ್ಣಗಿಡಲು ಕಾರಿನ ರೇಡಿಯೇಟರಿನಂತೆ ಒಳಗೆ ದ್ರವ ಹರಿಸಬೇಕಾಯಿತು. 2005ರ ಏಪ್ರಿಲ್‌ನಲ್ಲಿ 2.7. ಮೂರು ಬರಲೇ ಇಲ್ಲ.

ಕಾರಣ ಸರಳವಾಗಿತ್ತು, ಪರಿಹಾರವಷ್ಟೇ ಕಷ್ಟ. ಜಿ5 ತಯಾರಿಸುತ್ತಿದ್ದ ಐಬಿಎಂ ಆ ಹೊತ್ತಿಗೆ 130 ನ್ಯಾನೋಮೀಟರಿನಿಂದ 90 ನ್ಯಾನೋಮೀಟರ್ ತಂತ್ರಕ್ಕೆ ಇಳಿದಿತ್ತು. ಟ್ರಾನ್ಸಿಸ್ಟರುಗಳು ಅಷ್ಟು ಚಿಕ್ಕದಾದಾಗ ಅವುಗಳ ನಿರೋಧಕ ಪದರ ಎಷ್ಟು ತೆಳುವಾಗುತ್ತದೆಂದರೆ, ಕೆಲಸ ಮಾಡದೆ ಸುಮ್ಮನಿದ್ದಾಗಲೂ ವಿದ್ಯುತ್ತು ಸೋರುತ್ತದೆ. ತೂತಿರುವ ನಲ್ಲಿಯಂತೆ. ಸೋರಿದ್ದೆಲ್ಲ ಶಾಖವಾಗುತ್ತದೆ. ಇಂಟೆಲ್ಲಿಗೂ ಇದೇ ಪೆಟ್ಟು ಬಿತ್ತು. 2004ರ ಅಕ್ಟೋಬರಿನಲ್ಲಿ ಅದು ನಾಲ್ಕು ಗಿಗಾಹರ್ಟ್ಸ್ ಪೆಂಟಿಯಂ 4 ಯೋಜನೆಯನ್ನೇ ಕೈಬಿಟ್ಟಿತು. ಆದರೆ ಇಂಟೆಲ್ ಬಳಿ ಇಸ್ರೇಲಿನ ತನ್ನ ತಂಡ ರೂಪಿಸಿದ್ದ, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಬೇರೊಂದು ಚಿಪ್ ವಂಶವಿತ್ತು. ಐಬಿಎಂಗೆ ಅಂಥದೊಂದು ಇರಲಿಲ್ಲ. ಪವರ್ ಮ್ಯಾಕ್ ಡಬ್ಬದಲ್ಲಿ ಒಂಬತ್ತು ಫ್ಯಾನು ಕೂರಿಸಲು ಜಾಗವಿತ್ತು. ಲ್ಯಾಪ್‌ಟಾಪಿನಲ್ಲಿ ಎಲ್ಲಿಂದ ತರುವುದು? 'ಜಿ5 ಪವರ್‌ಬುಕ್ ಮುಂದಿನ ಮಂಗಳವಾರ' ಎಂಬುದು ಮ್ಯಾಕ್ ಬಳಗದಲ್ಲಿ ನಮ್ಮ 'ನಾಳೆ ಬಾ' ಬರಹದಂಥ ತಮಾಷೆಯಾಯಿತು. ಆ ಮಂಗಳವಾರ ಎಂದೂ ಬರಲಿಲ್ಲ.

ಈ ಹೊತ್ತಿಗೆ ಇನ್ನೊಂದು ಗಾಳಿಸುದ್ದಿ ಹಳತಾಗಿ ಮೂಲೆ ಸೇರಿತ್ತು. 2002ರ ಆಗಸ್ಟ್ ಕೊನೆಯಲ್ಲಿ ಈವೀಕ್ ಪತ್ರಿಕೆ, ಆಪಲ್ ತನ್ನ ಕಾರ್ಯಾಚರಣ ವ್ಯವಸ್ಥೆಯನ್ನು ಇಂಟೆಲ್ ಮಾದರಿಯ ಪ್ರೊಸೆಸರುಗಳ ಮೇಲೂ ಗುಟ್ಟಾಗಿ ಓಡಿಸುತ್ತಿದೆ, ಯೋಜನೆಯ ಹೆಸರು 'ಮಾರ್ಕ್ಲರ್' ಎಂದು ಬರೆದಿತ್ತು. ಬರೆದ ಇಬ್ಬರಲ್ಲಿ ಒಬ್ಬ ಅದೇ ನಿಕ್ ಡಿಪ್ಲೂಮ್, ಆಗಿನ್ನೂ ಕಾಲೇಜು ಮೆಟ್ಟಿಲು ಹತ್ತದವನು. ಮ್ಯಾಕ್ ಅಭಿಮಾನಿಗಳಿಗೆ ಇದು ಜೀರ್ಣವಾಗುವ ಸುದ್ದಿಯಲ್ಲ. ಪೆಂಟಿಯಂ 2 ಚಿಪ್ಪನ್ನು ಬಸವನಹುಳುವಿನ ಬೆನ್ನ ಮೇಲೆ ಕೂರಿಸಿ ಆಪಲ್ ಜಾಹೀರಾತು ಮಾಡಿ ಆಗ ನಾಲ್ಕೇ ವರ್ಷವಾಗಿತ್ತು. ಪವರ್‌ಪಿಸಿ ಮೇಲು, ಇಂಟೆಲ್ ಕೀಳು ಎಂಬುದು ಅವರಿಗೆ ಹೆಚ್ಚುಕಡಿಮೆ ಮತವಾಗಿತ್ತು. 2005ರ ಜೂನ್ 3ರಂದು ಸಿನೆಟ್ ತಾಣ, ಆಪಲ್ ಇಂಟೆಲ್ಲಿಗೆ ಬದಲಾಗುವುದು ಖಚಿತ ಎಂದು ಬರೆದಾಗಲೂ ನಂಬಲು ಹಿಂಜರಿದವರು ಬಹಳ.

ಮೂರೇ ದಿನಕ್ಕೆ ಜಾಬ್ಸ್ ಅದನ್ನು ಒಪ್ಪಿಕೊಂಡರು. ಮ್ಯಾಕ್ ವ್ಯವಸ್ಥೆ ಐದು ವರ್ಷಗಳಿಂದ ಎರಡು ಬಾಳು ಬಾಳುತ್ತಿತ್ತು, ಪ್ರತಿ ಆವೃತ್ತಿಯೂ ಎರಡೂ ಬಗೆಯ ಚಿಪ್ಪಿಗೆ ಸಿದ್ಧವಾಗಿರುತ್ತಿತ್ತು ಎಂದರು. ಅಂದು ಬೆಳಿಗ್ಗೆಯಿಂದ ವೇದಿಕೆಯಲ್ಲಿ ಪ್ರಾತ್ಯಕ್ಷಿಕೆ ನಡೆದದ್ದೇ ಪೆಂಟಿಯಂ 4 ಯಂತ್ರದ ಮೇಲೆ. ಹೈಸ್ಕೂಲು ಹುಡುಗ ಮೂರು ವರ್ಷ ಹಿಂದೆ ಬರೆದದ್ದು ನಿಜವಾಗಿತ್ತು. ಹೊಸ ಯಂತ್ರಕ್ಕೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕೆಂದು ಹೀಗೆ ಬಹಿರಂಗವಾಗಿ ಹೇಳುವುದು ಆಸ್ಬೋರ್ನ್ ಮಾಡಿದ್ದ ಅದೇ ತಪ್ಪು ಎಂದು ಆಡಿದವರಿದ್ದರು. ಆದರೆ ಆಪಲ್ ಮುಳುಗಲಿಲ್ಲ. ಅದರ ಬಳಿ ಐಪಾಡ್ ತರುತ್ತಿದ್ದ ಹಣವಿತ್ತು, ಹೇಳಿದ ಗಡುವಿಗಿಂತ ಮೊದಲೇ, 2006ರ ಜನವರಿಯಲ್ಲೇ, ಇಂಟೆಲ್ ಐಮ್ಯಾಕ್ ಬಂತು.

ಕೋರ್ಟಿನಲ್ಲಿ ಮಾತ್ರ ಊಹೆಗಾರರು ಇನ್ನೂ ನಿಂತೇ ಇದ್ದರು. ಥಿಂಕ್ ಸೀಕ್ರೆಟ್ ಪ್ರಕರಣದ ಜೊತೆಗೇ ಇನ್ನೊಂದು ನಡೆಯುತ್ತಿತ್ತು. ಗಿಟಾರನ್ನು ಮ್ಯಾಕ್‌ಗೆ ಜೋಡಿಸುವ 'ಆಸ್ಟರಾಯ್ಡ್' ಎಂಬ ಪೆಟ್ಟಿಗೆಯ ವಿವರ 2004ರ ನವೆಂಬರಿನಲ್ಲಿ ಪವರ್‌ಪೇಜ್ ಮತ್ತು ಆಪಲ್‌ಇನ್‌ಸೈಡರ್ ತಾಣಗಳಲ್ಲಿ ಬಂದಿತ್ತು. ಗುಟ್ಟು ಕೊಟ್ಟವರು ಯಾರೆಂದು ತಿಳಿಯಲು ಪವರ್‌ಪೇಜ್‌ನವರ ಇಮೇಲುಗಳನ್ನು ಸೇವೆ ಕೊಡುವ ಕಂಪನಿಯಿಂದಲೇ ತರಿಸಿಕೊಡಿ ಎಂದು ಆಪಲ್ ಕೇಳಿತು. ಸಾಂಟಾ ಕ್ಲಾರಾ ನ್ಯಾಯಾಲಯ 2005ರ ಮಾರ್ಚ್‌ನಲ್ಲಿ ಸರಿ ಎಂದಿತು. ಜನರಿಗೆ ಕುತೂಹಲ ಇರುವುದು ಬೇರೆ, ಜನಹಿತ ಬೇರೆ ಎಂಬುದು ನ್ಯಾಯಾಧೀಶರ ತರ್ಕ. ಕೇಳಲು ಒಳ್ಳೆಯ ಮಾತೇ. ಆದರೆ ಮುಂದಿನ ಕಂಪ್ಯೂಟರಿನ ಸುದ್ದಿ ಬರೀ ಕುತೂಹಲ ಎಂದು ತೀರ್ಮಾನಿಸಲು, ಇಂದು ಮೂರು ಸಾವಿರ ಡಾಲರ್ ಕೊಟ್ಟು ಯಂತ್ರ ಕೊಳ್ಳುವವನನ್ನು ಮರೆಯಬೇಕಾಗುತ್ತದೆ.

2006ರ ಮೇ 26ರಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಿರುಗಿಸಿತು. ಜಾಲತಾಣದಲ್ಲಿ ಸುದ್ದಿ ಸಂಗ್ರಹಿಸಿ ಪ್ರಕಟಿಸುವವರಿಗೂ ಪತ್ರಕರ್ತರಿಗಿರುವ ರಕ್ಷಣೆಯೇ ಇದೆ, ಇದು ಯೋಗ್ಯ ಸುದ್ದಿ, ಇದು ಅಯೋಗ್ಯ ಸುದ್ದಿ ಎಂದು ವಿಂಗಡಿಸುವುದು ನ್ಯಾಯಾಲಯದ ಕೆಲಸವಲ್ಲ ಎಂದಿತು. ಅಂತರಜಾಲದ ಪತ್ರಿಕೋದ್ಯಮಕ್ಕೆ ಅಮೆರಿಕದಲ್ಲಿ ಸಿಕ್ಕ ದೊಡ್ಡ ತೀರ್ಪುಗಳಲ್ಲಿ ಇದೂ ಒಂದು, ಅದು ಹುಟ್ಟಿದ್ದು ಗಿಟಾರ್ ಪೆಟ್ಟಿಗೆಯ ಗಾಳಿಸುದ್ದಿಯಿಂದ. ಆ ಪೆಟ್ಟಿಗೆ ಮಾರುಕಟ್ಟೆಗೆ ಬರಲೇ ಇಲ್ಲ ಎಂಬುದು ಬೇರೆ ಮಾತು.

ಥಿಂಕ್ ಸೀಕ್ರೆಟ್‌ಗೆ ಆ ಗೆಲುವು ಸಿಗಲಿಲ್ಲ. 2007ರ ಡಿಸೆಂಬರಿನಲ್ಲಿ ರಾಜಿಯಾಯಿತು: ತಾಣ ಮುಚ್ಚುತ್ತದೆ, ಸುದ್ದಿ ಕೊಟ್ಟವರ ಹೆಸರು ಹೊರಬರುವುದಿಲ್ಲ. ಚಾರೆಲ್ಲಿ ಆಗ ಇನ್ನೂ ವಿದ್ಯಾರ್ಥಿಯೇ.

ಇತ್ತ 2005ರ ಅಕ್ಟೋಬರಿನಲ್ಲಿ, ಇಂಟೆಲ್ ಘೋಷಣೆಯಾದ ನಾಲ್ಕು ತಿಂಗಳಿಗೆ, ಆಪಲ್ ತನ್ನ ಕೊನೆಯ ಮತ್ತು ಅತಿ ಶಕ್ತಿಶಾಲಿ ಪವರ್ ಮ್ಯಾಕ್ ಜಿ5 ಅನ್ನು 3299 ಡಾಲರಿಗೆ ಮಾರಲು ತೆಗೆದಿತ್ತು. ಅದನ್ನು ಕೊಂಡವರಿಗಾದರೂ ಮುಂದೇನೆಂದು ಗೊತ್ತಿತ್ತು. ಆ ವರ್ಷದ ಏಪ್ರಿಲ್, ಮೇ ತಿಂಗಳಲ್ಲಿ 2.7 ಗಿಗಾಹರ್ಟ್ಸ್ ಯಂತ್ರ ಕೊಂಡವರಿಗೆ ಕಂಪನಿ ಏನೂ ಹೇಳಿರಲಿಲ್ಲ. ಹಳೆಯ ಈವೀಕ್ ವರದಿಯೊಂದನ್ನು ಬಿಟ್ಟರೆ ಅವರನ್ನು ತಡೆಯುವಂಥದ್ದು ಇದ್ದದ್ದು ಕಡಿಮೆ. 2009ರ ಆಗಸ್ಟ್ 28ರಂದು ಸ್ನೋ ಲೆಪರ್ಡ್ ಎಂಬ ಹೊಸ ಆವೃತ್ತಿ ಬಂತು. ಅದು ಇಂಟೆಲ್ ಯಂತ್ರಗಳಲ್ಲಿ ಮಾತ್ರ ಓಡುತ್ತಿತ್ತು.