ಬಿಟ್‌ಕಾಯಿನ್ ಧಾರಣೆ ಬೋರ್ಡ್ ಬರೆಯುವವರು ಯಾರು?

ಬಿಟ್‌ಕಾಯಿನ್ ಬೆಲೆ ಎಷ್ಟೆಂದು ಫೋನಿನಲ್ಲಿ ಹುಡುಕಿದರೆ ತಕ್ಷಣ ಒಂದು ಅಂಕಿ ಬರುತ್ತದೆ, ಪೈಸೆ ಲೆಕ್ಕದ ಸಮೇತ. ಆ ಅಂಕಿ ನಂಬಿ ಬೆಳೆಯ ದುಡ್ಡು ಹಾಕಿದವರು ನಮ್ಮ ಊರುಗಳಲ್ಲೂ ಇದ್ದಾರೆ. ಆದರೆ ಅದು ಎಲ್ಲಿಂದ ಬಂತು?

ಎಪಿಎಂಸಿಯ ಧಾರಣೆ ಹೇಗೆ ಹುಟ್ಟುತ್ತದೆಂದು ನಮಗೆ ಗೊತ್ತು. ಚೀಲ ಕಣ್ಣೆದುರೇ ಇರುತ್ತದೆ, ಟೆಂಡರ್ ಹಾಕಿದ ವರ್ತಕ ಯಾರೆಂದು ತಿಳಿಯುತ್ತದೆ, ತೂಕದಲ್ಲಿ ಮೋಸವಾದರೆ ಹೋಗಿ ಜಗಳವಾಡಲು ಒಂದು ಕಚೇರಿಯಾದರೂ ಇದೆ. ಬಿಟ್‌ಕಾಯಿನ್‌ಗೆ ಅಂಥ ಸರ್ಕಾರಿ ಅಂಗಳವಿಲ್ಲ. ಇರುವುದು ನಾನಾ ದೇಶಗಳ ಖಾಸಗಿ ಎಕ್ಸ್‌ಚೇಂಜ್‌ಗಳು. ಅಲ್ಲಿ ಅಂಗಳ ಕಟ್ಟಿದವನೇ ದಲ್ಲಾಲಿ. ಮಾಲು ಇಡುವ ಗೋದಾಮೂ ಅವನದೇ, ಬೋರ್ಡಿನಲ್ಲಿ ಧಾರಣೆ ಬರೆಯುವವನೂ ಅವನೇ. ಹದಿನೈದು ವರ್ಷಗಳ ಹಿಂದೆ ಶುರುವಾದ ಈ ಏರ್ಪಾಡಿನಲ್ಲಿ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬಿಟ್‌ಕಾಯಿನ್ ಹುಟ್ಟಿದ್ದು 2009ರ ಜನವರಿಯಲ್ಲಿ. ಆಗ ಅದಕ್ಕೆ ಬೆಲೆಯೇ ಇರಲಿಲ್ಲ. 2010ರ ಮೇ 22ರಂದು ಅಮೆರಿಕದ ಫ್ಲೋರಿಡಾದ ಒಬ್ಬ ಪ್ರೋಗ್ರಾಮರ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. ಅವತ್ತಿನ ಧಾರಣೆ ಎಂದರೆ ಇಬ್ಬರು ಒಪ್ಪಿಕೊಂಡ ಮಾತು, ಅಷ್ಟೇ.

ಅದೇ ವರ್ಷ ಜುಲೈನಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ ಬಂತು. ಹೆಸರು ಕೇಳಿ ಯಾವುದೋ ಬೆಟ್ಟ ಎಂದುಕೊಳ್ಳಬೇಡಿ. ಒಂದು ಇಸ್ಪೀಟಿನಂಥ ಆಟದ ಎಲೆಗಳನ್ನು ಕೊಂಡು ಮಾರಲೆಂದು ಮಾಡಿದ್ದ ವೆಬ್‌ಸೈಟಿನ ಹೆಸರನ್ನೇ ಚಿಕ್ಕದು ಮಾಡಿ ಇಟ್ಟುಕೊಂಡದ್ದು. 2011ರಲ್ಲಿ ಅದನ್ನು ಟೋಕಿಯೋದಲ್ಲಿದ್ದ ಫ್ರೆಂಚ್ ಪ್ರಜೆ ಮಾರ್ಕ್ ಕಾರ್ಪೆಲೆಸ್ ಕೊಂಡ. 2013ರ ಹೊತ್ತಿಗೆ ಜಗತ್ತಿನ ಬಿಟ್‌ಕಾಯಿನ್ ವ್ಯಾಪಾರದ ಬಹುಪಾಲು ಅಲ್ಲೇ ನಡೆಯುತ್ತಿತ್ತು. ಗಾಕ್ಸ್ ಬೋರ್ಡಿನಲ್ಲಿ ಏನಿತ್ತೋ ಅದೇ ಲೋಕದ ಧಾರಣೆ.

ಆ ಬೋರ್ಡ್ ಎಷ್ಟು ಗಟ್ಟಿ ಎಂಬುದು 2011ರ ಜೂನ್ 19ರಂದೇ ಗೊತ್ತಾಗಿತ್ತು. ಕಳ್ಳನೊಬ್ಬ ಒಳಗಿನ ಖಾತೆಯೊಂದಕ್ಕೆ ನುಗ್ಗಿ ರಾಶಿಗಟ್ಟಲೆ ಬಿಟ್‌ಕಾಯಿನ್ ಮಾರಾಟಕ್ಕೆ ಇಟ್ಟ. ಸುಮಾರು 17 ಡಾಲರ್ ಇದ್ದ ಬೆಲೆ ನಿಮಿಷಗಳಲ್ಲಿ 1 ಸೆಂಟಿಗೆ, ಅಂದರೆ ಡಾಲರಿನ ನೂರನೇ ಒಂದು ಭಾಗಕ್ಕೆ ಬಿತ್ತು. ಕಂಪನಿ ಬಾಗಿಲು ಹಾಕಿ, ಆ ವ್ಯಾಪಾರವನ್ನೆಲ್ಲ ರದ್ದು ಮಾಡಿತು. ಕೊಂಡವನಿಗೆ ಕೊಂಡದ್ದು ಉಳಿಯಲಿಲ್ಲ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. 2013ರಲ್ಲಿ ಗಾಕ್ಸ್‌ನಿಂದ ಡಾಲರ್ ಹೊರಗೆ ತೆಗೆಯುವುದು ಕಷ್ಟವಾಗತೊಡಗಿತು. ದುಡ್ಡು ಸಿಕ್ಕಿಹಾಕಿಕೊಂಡವರು ಒಂದು ದಾರಿ ಕಂಡುಕೊಂಡರು: ಅಲ್ಲೇ ಬಿಟ್‌ಕಾಯಿನ್ ಕೊಳ್ಳುವುದು, ಅದನ್ನು ಹೊರಗೆ ಸಾಗಿಸಿ ಬೇರೆ ಕಡೆ ಮಾರುವುದು. ಹೀಗಾಗಿ ಗಾಕ್ಸ್ ಧಾರಣೆ ಉಳಿದ ಕಡೆಗಿಂತ ಮೇಲೆ ನಿಂತಿತು. 2014ರ ಫೆಬ್ರವರಿ 7ರಂದು ಬಿಟ್‌ಕಾಯಿನ್ ಹೊರತೆಗೆಯುವುದೂ ನಿಂತಿತು. ಈಗ ಉಲ್ಟಾ. ಬೇರೆ ಕಡೆ 500 ಡಾಲರ್ ದಾಟಿದ್ದಾಗ ಗಾಕ್ಸ್‌ನಲ್ಲಿ ಬೆಲೆ ಒಂದು ಹಂತದಲ್ಲಿ 200ಕ್ಕಿಂತ ಕೆಳಗಿತ್ತು. ನಮ್ಮ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಗಮನಿಸಬೇಕಾದ ಜಾಗ ಇದು. ಮೇಲಿದ್ದಾಗಲೂ ಕೆಳಗಿದ್ದಾಗಲೂ ಆ ಬೋರ್ಡ್ ಹೇಳುತ್ತಿದ್ದುದು ಬಿಟ್‌ಕಾಯಿನ್ ಬೆಲೆಯನ್ನಲ್ಲ, ಆ ಅಂಗಳದಿಂದ ಹೊರಗೆ ಬರುವುದು ಎಷ್ಟು ಕಷ್ಟ ಎಂಬುದನ್ನು. ಫೆಬ್ರವರಿ ಮುಗಿಯುವಷ್ಟರಲ್ಲಿ ಕಂಪನಿ ಟೋಕಿಯೋ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಕಾಣೆಯಾದದ್ದು 8.5 ಲಕ್ಷ ಬಿಟ್‌ಕಾಯಿನ್, ಆಮೇಲೆ 2 ಲಕ್ಷ ಸಿಕ್ಕಿತು.

ಸೋರಿಹೋದ ಗಾಕ್ಸ್ ಲೆಕ್ಕಪುಸ್ತಕಗಳನ್ನು ಸಂಶೋಧಕರು ಕೂತು ಓದಿದರು. 2018ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. 2013ರ ಕೊನೆಯ ಎರಡು ತಿಂಗಳಲ್ಲಿ ಬೆಲೆ ಸುಮಾರು 150 ಡಾಲರಿನಿಂದ 1,000 ದಾಟಿತ್ತಲ್ಲ, ಅದರ ಹಿಂದೆ ಬಹುಶಃ ಒಬ್ಬನೇ ಇದ್ದ ಎಂದು ಅವರ ತೀರ್ಮಾನ. ಯಂತ್ರದಂತೆ ಬಿಡದೆ ಕೊಳ್ಳುತ್ತಿದ್ದ ಖಾತೆಗಳು ಸುಮಾರು 6 ಲಕ್ಷ ಬಿಟ್‌ಕಾಯಿನ್ ಕೊಂಡಿದ್ದವು, ಆದರೆ ನಿಜವಾದ ದುಡ್ಡು ಕೊಟ್ಟ ಗುರುತಿಲ್ಲ. ಆ ಖಾತೆಗಳು ಓಡಾಡಿದ ದಿನಗಳಲ್ಲಿ ಬೆಲೆ ಸರಾಸರಿ 4% ಏರಿತ್ತು, ಉಳಿದ ದಿನಗಳಲ್ಲಿ ಸ್ವಲ್ಪ ಇಳಿದಿತ್ತು. ಗಾಕ್ಸ್‌ನಲ್ಲಿ ಏರಿದರೆ ಬೇರೆ ಎಕ್ಸ್‌ಚೇಂಜ್‌ಗಳಲ್ಲೂ ಏರುತ್ತಿತ್ತು. 2019ರ ಮಾರ್ಚ್‌ನಲ್ಲಿ ಟೋಕಿಯೋ ನ್ಯಾಯಾಲಯ ಕಾರ್ಪೆಲೆಸ್‌ಗೆ ಕಂಪ್ಯೂಟರ್ ದಾಖಲೆ ತಿದ್ದಿದ ಅಪರಾಧಕ್ಕೆ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ದುಡ್ಡು ನುಂಗಿದ ಆರೋಪದಿಂದ ಬಿಡುಗಡೆ ಮಾಡಿತು.

ಚೀನಾದ್ದು ಚಿಕ್ಕ ಕಥೆ. 2016ರಲ್ಲಿ ಜಗತ್ತಿನ ಬಿಟ್‌ಕಾಯಿನ್ ವಹಿವಾಟಿನ 90%ಕ್ಕೂ ಹೆಚ್ಚು ಅಲ್ಲೇ ಎಂದು ಪಟ್ಟಿಗಳು ತೋರಿಸುತ್ತಿದ್ದವು. ಅಲ್ಲಿ ಕಮಿಷನ್ ಇರಲಿಲ್ಲ, ತಾನೇ ಮಾರಿ ತಾನೇ ಕೊಂಡರೂ ಖರ್ಚಿಲ್ಲ. 2017ರ ಜನವರಿಯಲ್ಲಿ ದೊಡ್ಡ ಎಕ್ಸ್‌ಚೇಂಜ್‌ಗಳು 0.2% ಶುಲ್ಕ ಹಾಕಿದವು. ವಹಿವಾಟು ಕುಸಿದು ಬಿತ್ತು.

ಅಷ್ಟರಲ್ಲಿ ಎಲ್ಲ ಎಕ್ಸ್‌ಚೇಂಜ್‌ಗಳ ಧಾರಣೆ ಒಟ್ಟುಮಾಡಿ ಸರಾಸರಿ ತೋರಿಸುವ ಸೈಟುಗಳು ಬಂದಿದ್ದವು. ಕಾಯಿನ್‌ಮಾರ್ಕೆಟ್‌ಕ್ಯಾಪ್ ಅವುಗಳಲ್ಲಿ ದೊಡ್ಡದು. ಆಗ ದಕ್ಷಿಣ ಕೊರಿಯಾದಲ್ಲಿ ಬೆಲೆ ಬಹಳ ಮೇಲಿತ್ತು. ಹಣ ದೇಶದಾಚೆ ಸಾಗಿಸಲು ಅಲ್ಲಿ ನಿರ್ಬಂಧವಿದ್ದುದರಿಂದ ಹೊರಗಿನವರು ಅಗ್ಗದ ಮಾಲು ತಂದು ಅಲ್ಲಿ ಮಾರಿ ಬೆಲೆ ಸಮ ಮಾಡಲು ಆಗುತ್ತಿರಲಿಲ್ಲ. 2018ರ ಜನವರಿ 8ರಂದು ಆ ಸೈಟು ಮುನ್ಸೂಚನೆ ಕೊಡದೆ ಕೊರಿಯಾದ ಎಕ್ಸ್‌ಚೇಂಜ್‌ಗಳನ್ನು ಸರಾಸರಿಯಿಂದ ಕೈಬಿಟ್ಟಿತು. ಯಾರೂ ಏನೂ ಮಾರಿರಲಿಲ್ಲ, ಆದರೂ ಪರದೆಯ ಮೇಲೆ ಬೆಲೆಗಳು ಧಡಕ್ಕನೆ ಇಳಿದವು. ನೋಡಿದವರು ಗಾಬರಿಯಾಗಿ ನಿಜವಾಗಿಯೂ ಮಾರತೊಡಗಿದರು.

ಆಗ ಇಂಥ ಸೈಟುಗಳಲ್ಲಿ ಹೆಚ್ಚು ವಹಿವಾಟು ತೋರಿಸಿದವರಿಗೆ ಮೇಲಿನ ಸ್ಥಾನವಿತ್ತು. ಹೊಸ ನಾಣ್ಯ ತಂದವರು ಮೇಲಿದ್ದವರಿಗೇ ದುಡ್ಡು ಕೊಟ್ಟು ತಮ್ಮ ನಾಣ್ಯ ಸೇರಿಸುತ್ತಿದ್ದರು. ಹೀಗಿರುವಾಗ ಅಂಕಿ ಉಬ್ಬಿಸದೆ ಇರುತ್ತಾರೆಯೇ? 2019ರ ಮಾರ್ಚ್‌ನಲ್ಲಿ ಬಿಟ್‌ವೈಸ್ ಎಂಬ ಕಂಪನಿ 81 ಎಕ್ಸ್‌ಚೇಂಜ್‌ಗಳನ್ನು ಜಾಲಾಡಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಗೆ ವರದಿ ಕೊಟ್ಟಿತು. ದಿನಕ್ಕೆ 600 ಕೋಟಿ ಡಾಲರ್ ಎಂದು ತೋರಿಸುತ್ತಿದ್ದ ವಹಿವಾಟಿನಲ್ಲಿ ನಿಜವಾದದ್ದು 27 ಕೋಟಿ ಮಾತ್ರ, 95% ಸುಳ್ಳು, ನಂಬಬಹುದಾದವು 10 ಎಂದಿತು. ಬಿಟ್‌ವೈಸ್‌ಗೂ ಸ್ವಾರ್ಥವಿತ್ತು. ತನ್ನ ಬಿಟ್‌ಕಾಯಿನ್ ಫಂಡಿಗೆ ಅನುಮತಿ ಬೇಕಿದ್ದರಿಂದ, ನಿಜವಾದ ಮಾರುಕಟ್ಟೆ ಚಿಕ್ಕದಾದರೂ ಸ್ವಚ್ಛ ಎಂದು ಅದು ತೋರಿಸಬೇಕಿತ್ತು. ಆ ಹತ್ತರಲ್ಲಿ ಕಾಯಿನ್‌ಬೇಸ್ ಕೂಡ ಇತ್ತು. 2021ರಲ್ಲಿ ಅದೇ ಕಾಯಿನ್‌ಬೇಸ್ ಅಮೆರಿಕದ ಇನ್ನೊಂದು ನಿಯಂತ್ರಣ ಸಂಸ್ಥೆಗೆ 65 ಲಕ್ಷ ಡಾಲರ್ ದಂಡ ಕಟ್ಟಿತು. 2015ರಿಂದ 2018ರವರೆಗೆ ಕಂಪನಿಯದೇ ಎರಡು ಪ್ರೋಗ್ರಾಮ್‌ಗಳು ಆಗಾಗ ಒಂದಕ್ಕೊಂದು ಮಾರಿಕೊಂಡಿದ್ದವು, ಆ ಅಂಕಿಗಳು ಧಾರಣೆ ಸೈಟುಗಳಿಗೂ ಹೋಗಿದ್ದವು.

ನಮ್ಮ ದೇಶಕ್ಕೆ ಬರೋಣ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೋ ಕಳುವಾಯಿತು. ಹೊರತೆಗೆಯುವುದು ಅವತ್ತೇ ನಿಂತಿತು, ಕೊಳ್ಳುವುದು ಮಾರುವುದು ಮಾತ್ರ ಇನ್ನೂ ಸ್ವಲ್ಪ ದಿನ ನಡೆಯಿತು, ಬೋರ್ಡಿನಲ್ಲಿ ಬೆಲೆಯೂ ಓಡುತ್ತಿತ್ತು. ಆಗಸ್ಟ್‌ನಲ್ಲಿ ಕಂಪನಿ ಆ ಅವಧಿಯ ವ್ಯಾಪಾರವನ್ನೆಲ್ಲ ರದ್ದು ಮಾಡುವುದಾಗಿ ಹೇಳಿತು. 2011ರ ಟೋಕಿಯೋ ನೆನಪಾಗದೆ ಇರದು.

ಅದೇ 2024ರ ಜುಲೈನಲ್ಲಿ, ಹತ್ತು ವರ್ಷ ಕಾದ ಮೇಲೆ, ಗಾಕ್ಸ್ ಸಾಲಗಾರರಿಗೆ ಬಿಟ್‌ಕಾಯಿನ್ ವಾಪಸು ಬರತೊಡಗಿತ್ತು. 2014ರಲ್ಲಿ ದಿವಾಳಿ ಲೆಕ್ಕದಲ್ಲಿ ಅವರ ಒಂದು ಬಿಟ್‌ಕಾಯಿನ್‌ಗೆ 50,058 ಯೆನ್ ಎಂದು ಬೆಲೆ ಕಟ್ಟಿದ್ದರು. ಡಾಲರ್ ಲೆಕ್ಕದಲ್ಲಿ 500ಕ್ಕೂ ಕಡಿಮೆ. ಆಮೇಲೆ ಬಿಟ್‌ಕಾಯಿನ್ ಬೆಲೆ ಸಾವಿರಾರು ಡಾಲರಿಗೆ ಏರಿತು. ಹಳೆಯ ಧಾರಣೆಯಲ್ಲೇ ಲೆಕ್ಕ ಮುಗಿಸಿದ್ದರೆ ಉಳಿದದ್ದು ಕಂಪನಿಯ ಷೇರುದಾರರ ಪಾಲಾಗುತ್ತಿತ್ತು. ಸಾಲಗಾರರು ಜಗ್ಗದೆ ನಿಂತು, 2018ರಲ್ಲಿ ನ್ಯಾಯಾಲಯದಿಂದ ಬೇರೆ ವಿಧಾನಕ್ಕೆ ಒಪ್ಪಿಗೆ ಪಡೆದರು. ದುಡ್ಡಿನ ಬದಲು ಬಿಟ್‌ಕಾಯಿನ್ನನ್ನೇ ಪಡೆಯುವ ದಾರಿ ಅವರಿಗೆ ತೆರೆದದ್ದು ಹಾಗೆ.